ಕೇರಿಯ ಪುನರುಜ್ಜೀವನ: ಸಣ್ಣ ಊರುಗಳ ಹಳೆಯ ನಡುಪೇಟೆಗಳನ್ನು ಕುರಿತು ಒಂದು ವಿಚಾರ

೧. ವಿಷಯಪ್ರವೇಶ

ಮುಂಬಯಿಯಲ್ಲಿ ನೆಲಸಿರುವ ಕನ್ನಡಿಗರಲ್ಲಿ ಊರಿನ ಹಿರಿಯರ ಮನೆಯೊಂದರಲ್ಲಿ ಪಾಲಿಲ್ಲದವರು ಕಡಮೆ. ಆ ಪಾಲು ಎಷ್ಟೆಂಬುದನ್ನು ಖಚಿತವಾಗಿ ಬಲ್ಲವರು ಇನ್ನೂ ಕಡಮೆ. ಆ ಮನೆ ಸಾಮಾನ್ಯವಾಗಿ ಊರಿನ ನಡುವೆ, ದೇವಸ್ಥಾನದ ತೇರು ಹಾಯುವ ಬೀದಿಯಲ್ಲಿಯೋ ಹಳೆಯ ಅಂಗಡಿಸಾಲಿನ ಹಿಂದೆಯೋ ಇರುತ್ತದೆ. ವರ್ಷಕ್ಕೊಮ್ಮೆ ತೇರಿಗೋ ಮದುವೆಗೋ ಹೋದಾಗ ಅದರ ಜಗಲಿಯಲ್ಲಿ ಒಂದು ಗಳಿಗೆ ಕುಳಿತು, ಮಾಡಿನ ಕಡೆಗೆ ಕಣ್ಣೆತ್ತಿ ನೋಡಿ, ‘ಇದಕ್ಕೆ ಏನಾದರೂ ಮಾಡಬೇಕು’ ಎಂದುಕೊಂಡು ಹಿಂದಿರುಗುವುದು ನಮ್ಮಲ್ಲಿ ಬಹುಮಂದಿಯ ವಾಡಿಕೆಯಾಗಿದೆ. ಏನು ಮಾಡಬೇಕು, ಯಾರು ಮಾಡಬೇಕು, ಯಾವ ಹಣದಿಂದ ಮಾಡಬೇಕು ಎಂಬ ಮೂರು ಪ್ರಶ್ನೆಗಳನ್ನು ನಾವು ಬಿಡಿಸಿ ಕೇಳಿಕೊಳ್ಳುವುದಿಲ್ಲ.

ಪ್ರಸ್ತುತ ಲೇಖನದ ಉದ್ದೇಶ ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು. ಸಣ್ಣ ಪಟ್ಟಣಗಳ ಹಳೆಯ ನಡುಭಾಗಗಳನ್ನು ಮತ್ತೆ ಬದುಕಿಸುವ ವಿಚಾರ ಇಂದು ಲೋಕದ ಗಮನವನ್ನು ಸೆಳೆದಿದೆ. ೨೦೧೧ರಲ್ಲಿ ಯುನೆಸ್ಕೋ ಸಂಸ್ಥೆ ಐತಿಹಾಸಿಕ ನಗರಭಾಗಗಳನ್ನು ಕುರಿತು ಒಂದು ಶಿಫಾರಸನ್ನು ಅಂಗೀಕರಿಸಿತು. ೨೦೧೫ರಲ್ಲಿ ವಿಶ್ವಸಂಸ್ಥೆ ನಿರ್ಧರಿಸಿದ ಸುಸ್ಥಿರ ಅಭಿವೃದ್ಧಿಯ ಗುರಿಗಳಲ್ಲಿ ಹನ್ನೊಂದನೆಯದು ಪರಂಪರೆಯ ರಕ್ಷಣೆಯನ್ನೂ ನಗರಾಭಿವೃದ್ಧಿಯ ಅಂಗವೆಂದೇ ಪರಿಗಣಿಸಿದೆ. ಆದರೆ ಇಂತಹ ಠರಾವುಗಳು ನಮ್ಮ ಊರಿನ ಒಂದು ಒಡೆದ ಹಂಚಿನವರೆಗೆ ಇಳಿದು ಬರುವುದಕ್ಕೆ ನಡುವೆ ಅನೇಕ ಮೆಟ್ಟಿಲುಗಳು ಬೇಕು. ಆ ಮೆಟ್ಟಿಲುಗಳ ವಿಷಯವಾಗಿ, ಬ್ಯಾಂಕಿನ ವ್ಯವಹಾರವನ್ನೂ ಶಾಸನಗಳ ಓದನ್ನೂ ಅಷ್ಟಿಷ್ಟು ಮಾಡಿಕೊಂಡು ಬಂದವನೊಬ್ಬನ ಕೆಲವು ಮಾತುಗಳಿವು.

೨. ಕೇರಿ ಎಂದರೇನು?

ಮೊದಲು ನಾವು ಉಳಿಸಬೇಕೆಂದಿರುವ ವಸ್ತು ಯಾವುದೆಂದು ತಿಳಿಯಬೇಕು. ಹಳೆಯ ಪೇಟೆ ಎಂದೊಡನೆ ಹಳೆಯ ಕಟ್ಟಡಗಳು ನಮ್ಮ ಕಣ್ಣಿಗೆ ಕಟ್ಟುತ್ತವೆ. ಶಾಸನಗಳು ಹೇಳುವುದು ಬೇರೆ.

ಉಡುಪಿಯಿಂದ ಉತ್ತರಕ್ಕೆ ಹೋದರೆ ಸೀತಾನದಿಯ ಬಳಿ ಬಾರಕೂರು ಇದೆ. ಅಳುಪರಿಗೆ ರಾಜಧಾನಿಯಾಗಿ, ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಪ್ರಾಂತದ ಮುಖ್ಯ ಪಟ್ಟಣವಾಗಿ ಮೆರೆದ ಊರು ಅದು. ಅಲ್ಲಿಯ ಶಾಸನಗಳಲ್ಲಿ ಹತ್ತು ಕೇರಿಗಳ ಉಲ್ಲೇಖ ಬರುತ್ತದೆ. ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ, ಕೋಟೆಕೇರಿ ಮುಂತಾದ ಹೆಸರುಗಳು ಇಂದಿಗೂ ಜನರ ಬಾಯಲ್ಲಿವೆ. ಗಮನಿಸತಕ್ಕ ಸಂಗತಿಯೆಂದರೆ, ಈ ಶಾಸನಗಳಲ್ಲಿ ಕೇರಿ ಎಂಬುದು ಬರಿಯ ಮನೆಗಳ ಸಾಲಲ್ಲ. ಕೇರಿಗೆ ತನ್ನದೇ ಆದ ‘ಹಲರು’ ಇದ್ದರು. ದಾನವನ್ನು ಕೈಕೊಳ್ಳುವುದಕ್ಕೆ, ಅದನ್ನು ನಡೆಸಿಕೊಂಡು ಬರುವುದಕ್ಕೆ, ಕೊಟ್ಟ ಮಾತಿಗೆ ಸಾಕ್ಷಿಯಾಗಿ ನಿಲ್ಲುವುದಕ್ಕೆ ಅಧಿಕಾರವಿದ್ದ ಸಮೂಹ ಅದು. ವರ್ತಕರಿಗೆ ನಕರವೆಂಬ ಸಂಘವಿತ್ತು. ಹಂಜಮಾನವೆಂಬ ಇನ್ನೊಂದು ಕೂಟವಿತ್ತು. ಅದು ಕಡಲಾಚೆಯಿಂದ ಬಂದು ವ್ಯಾಪಾರ ನಡೆಸುತ್ತಿದ್ದವರ ಸಂಘವೆಂದು ವಿದ್ವಾಂಸರ ಅಭಿಪ್ರಾಯ. ತುಳುನಾಡಿನ ಇತಿಹಾಸವನ್ನು ಕುರಿತು ದುಡಿದ ಪಾ. ಗುರುರಾಜ ಭಟ್ಟರ ಮತ್ತು ಕೆ. ವಿ. ರಮೇಶರ ಗ್ರಂಥಗಳನ್ನು ನೋಡಿದವರಿಗೆ ಈ ಸಂಗತಿ ಹೊಸದಲ್ಲ.

ಹೀಗೆ ಕೇರಿಯೆಂದರೆ ಮೂರು ವಸ್ತುಗಳ ಕೂಟ: ಮನೆಗಳು, ಆ ಮನೆಗಳಲ್ಲಿ ನಡೆಯುವ ಕೆಲಸ, ಮತ್ತು ಇವೆರಡನ್ನೂ ನೋಡಿಕೊಳ್ಳುವ ಒಂದು ಮಂಡಳಿ. ಬಂದರಿನ ವ್ಯಾಪಾರ ಸರಿದುಹೋದ ಮೇಲೆ ಬಾರಕೂರಿನಲ್ಲಿ ಎರಡನೆಯದು ನಿಂತಿತು. ಅದರ ಹಿಂದೆಯೇ ಮೂರನೆಯದು ಹೋಯಿತು. ಕೊನೆಗೆ ಮೊದಲನೆಯದೂ ಉಳಿಯಲಿಲ್ಲ. ಇಂದು ಅಲ್ಲಿ ದೇವಾಲಯಗಳಿವೆ, ಕತ್ತಲೆ ಬಸದಿಯ ಶಿಲೆಗಳಿವೆ, ಕೇರಿಗಳ ಹೆಸರುಗಳಿವೆ, ಆ ಪಟ್ಟಣವಿಲ್ಲ. ಪೇಟೆಯೊಂದು ಅಳಿಯುವ ಕ್ರಮವೇ ಇದು ಎಂದರೆ ತಪ್ಪಾಗಲಾರದು. ಗೋಡೆ ಬೀಳುವುದು ಕೊನೆಯ ಘಟನೆ, ಮೊದಲನೆಯದಲ್ಲ.

೩. ರಥಬೀದಿ ಬದುಕಿದುದೇಕೆ?

ಇದಕ್ಕೆ ಪ್ರತಿಯಾದ ನಿದರ್ಶನ ಉಡುಪಿಯ ರಥಬೀದಿ. ನಡುವೆ ಅನಂತೇಶ್ವರ, ಚಂದ್ರಮೌಳೀಶ್ವರ ದೇವಾಲಯಗಳು. ಪಕ್ಕದಲ್ಲಿ ಶ್ರೀಕೃಷ್ಣ ಮಠ. ಸುತ್ತಲೂ ಎಂಟು ಮಠಗಳು. ಎರಡು ವರ್ಷಗಳಿಗೊಮ್ಮೆ ಪೂಜಾಧಿಕಾರ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಪರ್ಯಾಯ ಪದ್ಧತಿಯನ್ನು ವಾದಿರಾಜರು ಏರ್ಪಡಿಸಿದರೆಂಬುದು ಪ್ರಸಿದ್ಧವಾಗಿದೆ. ಧಾರ್ಮಿಕ ಮಹತ್ವವನ್ನು ಬದಿಗಿಟ್ಟು ಅರ್ಥಶಾಸ್ತ್ರದ ದೃಷ್ಟಿಯಿಂದ ಮಾತ್ರ ನೋಡಿದರೂ ಇದೊಂದು ಆಶ್ಚರ್ಯಕರವಾದ ಏರ್ಪಾಡು. ಪರ್ಯಾಯಕ್ಕೆ ಮುಂಚಿತವಾಗಿ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂದು ನಾಲ್ಕು ಬಾರಿ ಸಿದ್ಧತೆ ನಡೆಯುತ್ತದೆ. ಎರಡು ವರ್ಷದ ಅನ್ನಸಂತರ್ಪಣೆಗೆ ಬೇಕಾದ ಎಲೆ, ಅಕ್ಕಿ, ಸೌದೆಗಳ ವ್ಯವಸ್ಥೆಯೇ ಅದು. ಕಟ್ಟಿಗೆಯನ್ನು ತೇರಿನ ಆಕಾರದಲ್ಲಿ ಒಟ್ಟುವ ಕೈಗಾರರು, ಹೂ ಕಟ್ಟುವವರು, ಅಡಿಗೆಯವರು, ವಾದ್ಯದವರು, ತೇರಿನ ಮರಗೆಲಸದವರು—ಇಷ್ಟು ಜನಕ್ಕೆ ಆ ಬೀದಿ ಇಂದಿಗೂ ಕೆಲಸ ಕೊಡುತ್ತಿದೆ. ಆದುದರಿಂದಲೇ ಆ ಬೀದಿ ಉಳಿದಿದೆ.

ಆದರೆ ಕೆಲಸ ಒಂದೇ ಇದ್ದರೆ ಸಾಲದು ಎಂಬುದನ್ನೂ ಉಡುಪಿಯೇ ತೋರಿಸುತ್ತದೆ. ಯಾತ್ರಿಕರು ಹೆಚ್ಚಿದಂತೆ ದೇವಾಲಯದ ಸುತ್ತಣ ನೆಲದ ಬೆಲೆ ಏರಿತು. ಹಂಚಿನ ಮಾಡಿನ ಮನೆಗಳಿದ್ದ ಎಡೆಗಳಲ್ಲಿ ಬಹುಮಹಡಿಯ ವಸತಿಗೃಹಗಳು ಎದ್ದವು. ಬಡತನದಿಂದ ಹಾಳಾಗುವ ಪೇಟೆಗಳಂತೆ ಸಂಪತ್ತಿನಿಂದ ಹಾಳಾಗುವ ಪೇಟೆಗಳೂ ಉಂಟು. ಮೊದಲನೆಯದಕ್ಕೆ ಕೆಲಸ ಬೇಕು, ಎರಡನೆಯದಕ್ಕೆ ಕಟ್ಟು ಬೇಕು.

ನಮ್ಮ ವೃತ್ತಿಯವರು ಮರೆಯಬಾರದ ಸಂಗತಿಯೊಂದಿದೆ. ೧೯೦೬ರ ಮಾರ್ಚ್ ೧೨ರಂದು ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಆರಂಭಿಸಿದಾಗ ಮೊದಲ ದಿನದ ಕೊನೆಯಲ್ಲಿ ಕೂಡಿದ್ದ ಹಣ ೩೮ ರೂಪಾಯಿ ೧೩ ಆಣೆ ೨ ಪೈ. ಸಾಹೇಬರ ಆ ಹಳೆಯ ಮನೆ ಮುಂದೆ ನಾಣ್ಯಗಳ ವಸ್ತುಸಂಗ್ರಹಾಲಯವಾಯಿತು. ೧೯೨೫ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಇನ್ನೊಂದು ಸಂಸ್ಥೆ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದುದು, ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆಯನ್ನಾದರೂ ಮನೆಬಾಗಿಲಿಗೆ ಹೋಗಿ ಸಂಗ್ರಹಿಸುವ ಪದ್ಧತಿ. ಈ ಎರಡು ಬ್ಯಾಂಕುಗಳೂ ೨೦೨೦ರ ಏಪ್ರಿಲ್ ೧ರಂದು ಬೇರೆ ದೊಡ್ಡ ಬ್ಯಾಂಕುಗಳಲ್ಲಿ ವಿಲೀನಗೊಂಡವು. ಆದರೆ ದೇಶದ ಬ್ಯಾಂಕು ವ್ಯವಹಾರಕ್ಕೆ ಒಂದು ಹೊಸ ದಾರಿಯನ್ನು ತೋರಿದುದು ಸಣ್ಣ ಊರಿನ ಇಂತಹ ಜಗಲಿಗಳು, ಅವುಗಳ ಮೇಲೆ ಎಣಿಸಿದ ಆಣೆಗಳು. ಆ ಬೀದಿಗಳ ಉಳಿತಾಯದಿಂದ ಬೆಳೆದ ವ್ಯವಹಾರ ಇಂದು ಅದೇ ಬಗೆಯ ಬೀದಿಯ ಹಳೆಯ ಮನೆಗೆ ಸಾಲ ಕೊಡಲು ಹಿಂದೆಗೆಯುತ್ತದೆ. ಅದೇಕೆಂಬುದನ್ನು ಮುಂದೆ ನೋಡೋಣ.

೪. ಕ್ಷಯದ ಕಾರಣಗಳು

ಒಂದು ಪೇಟೆ ಕ್ಷಯಿಸುವುದಕ್ಕೆ ಹೊರಗಿನ ಕಾರಣಗಳೂ ಒಳಗಿನ ಕಾರಣಗಳೂ ಇವೆ. ಹೊರಗಿನವು ಎಲ್ಲರಿಗೂ ತಿಳಿದವೇ. ನಮ್ಮ ಕರಾವಳಿಯ ಹಳೆಯ ಊರುಗಳು ಹೊಳೆಬಾಯಿಗೂ ದೋಣಿಗೂ ಮುಖಮಾಡಿ ಬೆಳೆದವು. ಹೆದ್ದಾರಿ ಬಂದಾಗ ವ್ಯಾಪಾರ ಹೆದ್ದಾರಿಯ ಬದಿಗೆ ಸರಿಯಿತು. ೧೯೯೮ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾದಾಗ ನಿಲ್ದಾಣಗಳು ಬಹುಮಟ್ಟಿಗೆ ಹಳೆಯ ಪೇಟೆಗಳಿಂದ ದೂರ ನಿಂತವು. ಉಡುಪಿಯ ನಿಲ್ದಾಣವೇ ಇಂದ್ರಾಳಿಯಲ್ಲಿದೆ. ಬಾಗಿಲುಕೋಟೆಯ ಗತಿಯಂತೂ ಇನ್ನೂ ಕಠಿನ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಊರಿನ ಭಾಗಗಳನ್ನೇ ನುಂಗಿ, ಜನ ನವನಗರಕ್ಕೆ ಹೋಗಬೇಕಾಯಿತು. ಇವುಗಳ ಮೇಲೆ ನಮ್ಮ ಹಿಡಿತವಿಲ್ಲ.

ಒಳಗಿನ ಕಾರಣಗಳು ನಮ್ಮವೇ. ಅವುಗಳಲ್ಲಿ ಮೊದಲನೆಯದು ಮನೆಯ ಒಡೆತನ. ಅಜ್ಜನ ಹೆಸರಿನಲ್ಲಿದ್ದ ಮನೆ ಅಜ್ಜನ ಹೆಸರಿನಲ್ಲಿಯೇ ಉಳಿದಿದೆ. ಮೂರು ತಲೆಮಾರುಗಳಲ್ಲಿ ವಾರಸುದಾರರು ಹತ್ತಾಗಿ ಇಪ್ಪತ್ತಾಗಿ, ಮುಂಬಯಿ, ಬೆಂಗಳೂರು, ಪರದೇಶಗಳಲ್ಲಿ ಚದುರಿದ್ದಾರೆ. ತುಳುನಾಡಿನ ಅಳಿಯಸಂತಾನದ ಮನೆತನಗಳಲ್ಲಿ ಕುಟುಂಬದ ಮನೆ ಒಬ್ಬರದೆಂದು ಹೇಳುವುದೇ ಕಷ್ಟ. ೨೦೦೫ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಬಂದಿತು. ಅದು ನ್ಯಾಯವೇ ಸರಿ. ಕೆಲವರು ಪೇಟೆಯ ಮನೆಗಳು ಹಾಳಾಗುವುದಕ್ಕೆ ಈ ಕಾನೂನನ್ನು ದೂರುವುದನ್ನು ಕೇಳಿದ್ದೇನೆ. ದೋಷ ಪಾಲು ಹೆಚ್ಚಿದುದರಲ್ಲಿಲ್ಲ; ಪಾಲನ್ನು ಬರೆದು ಮುಗಿಸದೆ ಇರುವುದರಲ್ಲಿದೆ.

ಎರಡನೆಯದು ಸಾಲದ ಮಾತು. ಬ್ಯಾಂಕಿನ ಅಧಿಕಾರಿಯ ಮುಂದೆ ಹಳೆಯ ಮನೆಯ ದುರಸ್ತಿಗಾಗಿ ಒಂದು ಅರ್ಜಿ ಬಂದಿತೆಂದು ಭಾವಿಸೋಣ. ಅವನು ಕೇಳುವುದು ನಾಲ್ಕು: ಹಕ್ಕುಪತ್ರ ಯಾರ ಹೆಸರಿನಲ್ಲಿದೆ? ಖಾತೆ ಬದಲಾಗಿದೆಯೆ? ಋಣಭಾರದ ಪ್ರಮಾಣಪತ್ರ ಎಲ್ಲಿ? ಕಟ್ಟಡದ ಉಳಿದ ಆಯುಸ್ಸೆಷ್ಟು? ಸಾಲದ ಅವಧಿ ಕಟ್ಟಡದ ಉಳಿದ ಆಯುಸ್ಸನ್ನು ಮೀರಬಾರದೆಂಬುದು ವ್ಯವಹಾರದ ನಿಯಮ. ಬೆಲೆಕಟ್ಟುವ ಇಂಜಿನಿಯರು ಕಾಂಕ್ರೀಟಿನ ಲೆಕ್ಕದಲ್ಲಿ ತರಬೇತಿ ಹೊಂದಿದವನು. ನೂರು ವರ್ಷ ನಿಂತ ಮುರಕಲ್ಲಿನ ಗೋಡೆಗೆ ಅವನ ಕೋಷ್ಟಕದಲ್ಲಿ ಆಯುಸ್ಸು ಉಳಿದಿರುವುದಿಲ್ಲ. ಆದುದರಿಂದ ಮನೆಯ ಬೆಲೆ ಸೊನ್ನೆ, ನೆಲದ ಬೆಲೆ ಮಾತ್ರ ಲೆಕ್ಕಕ್ಕೆ. ಹೀಗೆ ಮನೆಯನ್ನು ಉಳಿಸಲು ಸಾಲ ಸಿಕ್ಕುವುದಿಲ್ಲ, ಅದನ್ನು ಕೆಡವಿ ಕಟ್ಟಲು ಸಿಕ್ಕುತ್ತದೆ. ನಾನೇ ಇಂತಹ ಅರ್ಜಿಗಳನ್ನು ಹಿಂದಿರುಗಿಸಿದ್ದೇನೆ. ನಿಯಮದಂತೆ ನಡೆದೆನಾದರೂ ಮನಸ್ಸಿಗೆ ಸಮಾಧಾನವಾಗಿಲ್ಲ.

ಮೂರನೆಯದು ಅಲಕ್ಷ್ಯ. ಇದನ್ನು ಸ್ವಂತ ಅನುಭವದಿಂದಲೇ ಹೇಳಬೇಕಾಗಿದೆ. ಕರಾವಳಿಯ ಒಂದು ಸಣ್ಣ ಊರಿನ ರಥಬೀದಿಯಲ್ಲಿ ನಮ್ಮ ಹಿರಿಯರ ಮನೆಯಿದೆ. ಪಾಲುದಾರರು ಎಂಟು ಮಂದಿ, ಅವರಲ್ಲಿ ಐವರು ಮುಂಬಯಿಯಲ್ಲಿದ್ದೇವೆ. ಮನೆಯಲ್ಲಿರುವವರು ವಿಧವೆಯಾದ ನಮ್ಮ ಚಿಕ್ಕಮ್ಮ ಒಬ್ಬರೇ. ಒಂದು ಮಳೆಗಾಲಕ್ಕೆ ಮುಂಚೆ ಅವರು, ಪಡುವಣ ಮಾಡಿನಲ್ಲಿ ಹತ್ತಿಪ್ಪತ್ತು ಹಂಚು ಒಡೆದಿದೆ, ಕೈಯಾಡಿಸಬೇಕು ಎಂದು ಎಲ್ಲರಿಗೂ ಹೇಳಿಕಳುಹಿಸಿದರು. ಹಣ ದೊಡ್ಡದಲ್ಲ. ಆದರೆ ಒಬ್ಬರು ಕೊಟ್ಟರೆ ಮನೆಯ ಮೇಲೆ ಹೆಚ್ಚಿನ ಹಕ್ಕು ಹೂಡಿದಂತೆ ಆದೀತೆಂದು ಕೆಲವರು, ಇನ್ನೊಬ್ಬರು ಕೊಡಲಿ ಎಂದು ಕೆಲವರು, ಹೀಗೆ ಕಾಲ ಕಳೆಯಿತು. ಆ ಕೆಲವರಲ್ಲಿ ನಾನೂ ಒಬ್ಬ. ಹಂಚಿನ ಸಂದಿಯಿಂದ ಇಳಿದ ನೀರು ಮೊದಲ ವರ್ಷ ರೀಪನ್ನು ತೋಯಿಸಿತು. ಎರಡನೆಯ ವರ್ಷ ಪಕಾಸಿಗೆ ಗೆದ್ದಲು ಹಿಡಿಯಿತು. ಮೂರನೆಯ ಆಷಾಢದಲ್ಲಿ ಒಂದು ರಾತ್ರಿ ಆ ಮಾಡು ಕುಸಿದು ಉಪ್ಪರಿಗೆಯ ಮೇಲೆ ಕುಳಿತಿತು. ಚಿಕ್ಕಮ್ಮ ನಡುಮನೆಯಲ್ಲಿ ಮಲಗಿದ್ದುದರಿಂದ ಉಳಿದರು. ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಹಳೆಯ ಮನೆಯನ್ನು ಕೊಲ್ಲುವುದಕ್ಕೆ ಹಾರೆ ಬೇಕಾಗಿಲ್ಲ. ಪಾಲುದಾರರ ಮೌನವೇ ಸಾಕು.

೫. ಇದುವರೆಗೆ ಹಿಡಿದ ಮಾರ್ಗಗಳು

ನಮ್ಮ ನಾಡಿನಲ್ಲಿ ಇದುವರೆಗೆ ಮುಖ್ಯವಾಗಿ ಮೂರು ಮಾರ್ಗಗಳನ್ನು ಹಿಡಿಯಲಾಗಿದೆ.

ಮೊದಲನೆಯದು, ಮನೆಯನ್ನು ಬಿಚ್ಚಿ ಬೇರೆಡೆಗೆ ಕೊಂಡೊಯ್ದು ಉಳಿಸುವುದು. ಇದರಲ್ಲಿ ಮಣಿಪಾಲದ ವಿಜಯನಾಥ ಶೆಣೈಯವರ ಹೆಸರನ್ನು ಗೌರವದಿಂದ ನೆನೆಯಬೇಕು. ಬ್ಯಾಂಕಿನ ಉದ್ಯೋಗದಲ್ಲಿದ್ದ ಅವರು ಕೆಡವಲು ಸಿದ್ಧವಾಗಿದ್ದ ಮನೆಗಳನ್ನು ಕೊಂಡು, ತೊಲೆ ಬೋದಿಗೆಗಳನ್ನು ಬಿಡಿಸಿ ತಂದು, ಹಸ್ತಶಿಲ್ಪ ಎಂಬ ಹೆಸರಿನಲ್ಲಿ ಒಂದು ಹಳ್ಳಿಯನ್ನೇ ಮತ್ತೆ ನಿಲ್ಲಿಸಿದರು. ಮಿಯಾರಿನ ಮನೆ, ಕುಕನೂರಿನ ಕಮಲ ಮಹಲ್, ಮುಧೋಳದ ಅರಮನೆಯ ದರಬಾರು ಅಲ್ಲಿವೆ. ೨೦೧೭ರಲ್ಲಿ ಅವರು ತೀರಿಕೊಂಡರು. ಅವರ ಕಾರ್ಯವಿಲ್ಲದಿದ್ದರೆ ಆ ಮರಗೆಲಸವೆಲ್ಲ ಸೌದೆಯಾಗುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಲ್ಲಿ ಉಳಿದುದು ಮನೆ, ಕೇರಿಯಲ್ಲ. ಮನೆಯನ್ನು ಎತ್ತಿಕೊಂಡು ಹೋಗಬಹುದು. ಎದುರುಮನೆಯನ್ನು, ಬಾವಿಯನ್ನು, ಬೀದಿಯ ತಿರುವನ್ನು ಎತ್ತಿಕೊಂಡು ಹೋಗುವಂತಿಲ್ಲ. ಬೇರೆ ದಾರಿಯಿಲ್ಲದಾಗ ಹಿಡಿಯಬೇಕಾದ ಕೊನೆಯ ದಾರಿ ಇದು.

ಎರಡನೆಯದು, ಕಲ್ಲನ್ನು ಉಳಿಸಿ ಜನರನ್ನು ಹೊರಡಿಸುವುದು. ಹಂಪೆ ೧೯೮೬ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ವಿರೂಪಾಕ್ಷ ದೇವಾಲಯದ ಎದುರಿನ ಬಜಾರಿನ ಸಾಲುಮಂಟಪಗಳಲ್ಲಿ ಜನ ಮನೆಮಾಡಿಕೊಂಡು ಅಂಗಡಿ ನಡೆಸುತ್ತಿದ್ದರು. ೨೦೧೧ರ ಜುಲೈ ತಿಂಗಳ ಕೊನೆಯಲ್ಲಿ ಅವರನ್ನು ತೆರವುಗೊಳಿಸಲಾಯಿತು. ನೂರಾರು ಕುಟುಂಬಗಳು ಬಿಟ್ಟುಹೋಗಬೇಕಾಯಿತು. ಮಂಟಪಗಳಿಗೆ ಅವರು ಮಾಡಿದ್ದ ಹಾನಿ ಸುಳ್ಳಲ್ಲ. ಕಾನೂನು ಅಧಿಕಾರಿಗಳ ಕಡೆಗಿದ್ದುದೂ ನಿಜ. ಆದರೂ ಬಜಾರು ಎಂಬ ಹೆಸರನ್ನು ಹೊತ್ತ ಬೀದಿಯಲ್ಲಿ ವ್ಯಾಪಾರವಿಲ್ಲದಂತೆ ಮಾಡಿದುದು ಪೂರ್ಣವಾದ ರಕ್ಷಣೆಯೆನ್ನಲು ನನ್ನ ಮನಸ್ಸು ಒಪ್ಪದು. ಅದೇ ತುಂಗಭದ್ರೆಯ ಆಚೆ ದಡದ ಆನೆಗೊಂದಿಯಲ್ಲಿ ೧೯೯೭ರಲ್ಲಿ ಹುಟ್ಟಿದ ಕಿಷ್ಕಿಂದಾ ಟ್ರಸ್ಟ್ ಬಾಳೆನಾರಿನ ಕೈಕೆಲಸವನ್ನು ಊರಿನ ಹೆಂಗಸರಿಗೆ ಕಲಿಸಿ, ಹಳೆಯ ಮನೆಗಳನ್ನು ಬಳಕೆಗೆ ತಂದು, ಇನ್ನೊಂದು ದಾರಿಯೂ ಇದೆಯೆಂದು ತೋರಿಸಿದೆ.

ಮೂರನೆಯದು, ಬೀದಿಯನ್ನು ಮಾತ್ರ ಅಲಂಕರಿಸುವುದು. ಕೇಂದ್ರ ಸರಕಾರ ೨೦೧೫ರ ಜನವರಿಯಲ್ಲಿ ಹೃದಯ್ ಎಂಬ ಯೋಜನೆಯನ್ನು ೧೨ ಊರುಗಳಿಗೆ ೫೦೦ ಕೋಟಿ ರೂಪಾಯಿಯ ಅಂದಾಜಿನಲ್ಲಿ ಆರಂಭಿಸಿತು. ಕರ್ನಾಟಕದಿಂದ ಬಾದಾಮಿ ಆಯ್ಕೆಯಾಯಿತು. ದಾರಿ, ದೀಪ, ನೈರ್ಮಲ್ಯ, ಕೆರೆಯ ಅಂಚು ಮುಂತಾದವು ಅದರ ಮುಖ್ಯ ಲಕ್ಷ್ಯಗಳು. ೨೦೧೯ರ ಮಾರ್ಚಿಯಲ್ಲಿ ಅದು ಮುಗಿಯಿತು. ಇವೆಲ್ಲ ಬೇಕಾದವುಗಳೇ. ಆದರೆ ಗುಹೆಗಳ ಕೆಳಗೆ, ಅಗಸ್ತ್ಯತೀರ್ಥದ ಬದಿಗೆ, ತಲೆಮಾರುಗಳಿಂದ ಬಾಳುತ್ತಿರುವವನ ಮನೆಯ ಗೋಡೆ ಬಿರುಕುಬಿಟ್ಟರೆ ಅವನ ಕಷ್ಟವೇ ಬೇರೆ. ೧೯೫೮ರ ಸ್ಮಾರಕಗಳ ಕಾಯಿದೆಗೆ ೨೦೧೦ರಲ್ಲಿ ಆದ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದಿಂದ ೧೦೦ ಮೀಟರಿನವರೆಗೆ ಹೊಸ ಕಟ್ಟಡ ನಿಷಿದ್ಧ, ದುರಸ್ತಿಗೂ ಅನುಮತಿ ಬೇಕು. ಅದರಾಚೆ ಇನ್ನು ೨೦೦ ಮೀಟರು ನಿರ್ಬಂಧಿತ. ಐಹೊಳೆಯಂತಹ ಊರಿನಲ್ಲಿ, ಗುಡಿಗಳ ನಡುವೆಯೇ ಮನೆಗಳಿರುವಲ್ಲಿ, ಈ ಗೆರೆಗಳನ್ನೆಳೆದರೆ ಊರೇ ಅವುಗಳೊಳಗೆ ಬೀಳುತ್ತದೆ. ಸ್ಮಾರಕಕ್ಕೆ ಕಾನೂನಿದೆ, ಸ್ಮಾರಕದ ನೆರೆಯವನಿಗೆ ನೆರವಿಲ್ಲ.

೬. ಮುಂಬಯಿಯ ಪಾಠ, ಹೊರನಾಡುಗಳ ಪಾಠ

ನಾವು ಬಾಳುತ್ತಿರುವ ಮಹಾನಗರವೇ ಈ ವಿಷಯದಲ್ಲಿ ಒಂದು ದೊಡ್ಡ ಪಾಠಶಾಲೆ. ೧೯೪೭ರ ಬಾಡಿಗೆ ನಿಯಂತ್ರಣ ಕಾಯಿದೆ ಇಲ್ಲಿಯ ಬಾಡಿಗೆಯನ್ನು ೧೯೪೦ರ ಮಟ್ಟದಲ್ಲಿ ಹಿಡಿದು ನಿಲ್ಲಿಸಿತು. ಬಡವನಿಗೆ ಅದರಿಂದ ನೆಲೆ ಸಿಕ್ಕಿತು. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಮಂದಿ ಗಿರಗಾಂವಿಯ, ಕೋಟೆಯ ಚಾಳುಗಳಲ್ಲಿ ತಲೆಯೂರಿದುದು ಆ ಬಾಡಿಗೆಯ ಬಲದಿಂದಲೇ. ಆದರೆ ಮನೆಯೊಡೆಯನಿಗೆ ದುರಸ್ತಿಯಲ್ಲಿ ಆಸಕ್ತಿ ಉಳಿಯಲಿಲ್ಲ. ೧೯೬೯ರಲ್ಲಿ ಸರಕಾರವೇ ಕರ ಎತ್ತಿ ದುರಸ್ತಿ ಮಾಡಿಸುವ ಕಾಯಿದೆ ತಂದಾಗ ಅದರ ವ್ಯಾಪ್ತಿಗೆ ಬಂದ ಕಟ್ಟಡಗಳ ಸಂಖ್ಯೆ ೧೯,೬೪೨. ಮಳೆಗಾಲದಲ್ಲಿ ಅಂತಹ ಕಟ್ಟಡಗಳು ಕುಸಿದ ಸುದ್ದಿ ನಮಗೆ ಅಪರಿಚಿತವಲ್ಲ.

ಇದಕ್ಕೆ ವಿರುದ್ಧವಾದ ದೃಷ್ಟಾಂತ ಮಲೇಶಿಯದ ಜಾರ್ಜ್ ಟೌನ್. ಅಲ್ಲಿ ಬಾಡಿಗೆಯ ನಿಯಂತ್ರಣವನ್ನು ರದ್ದುಮಾಡಿದ ಕಾನೂನು ೨೦೦೦ದ ಆರಂಭದಿಂದ ಪೂರ್ಣವಾಗಿ ಜಾರಿಗೆ ಬಂದಿತು. ಬಾಡಿಗೆ ಏರಿತು, ತಲೆಮಾರುಗಳಿಂದ ಅಲ್ಲಿದ್ದ ಅಂಗಡಿಕಾರರೂ ಕುಶಲಕರ್ಮಿಗಳೂ ಹೊರಟುಹೋದರು. ೨೦೦೮ರಲ್ಲಿ ವಿಶ್ವಪರಂಪರೆಯ ಗೌರವ ಬಂದಾಗ ಕಟ್ಟಡಗಳಿದ್ದವು, ಹಳೆಯ ಜನ ಬಹಳಷ್ಟು ಇರಲಿಲ್ಲ. ಬಿಗಿಹಿಡಿದರೆ ಗೋಡೆ ಬೀಳುತ್ತದೆ. ಒಮ್ಮೆಗೇ ಸಡಿಲಿಸಿದರೆ ಜನ ಹೋಗುತ್ತಾರೆ. ಇಟಲಿಯ ಬೊಲೋನ್ಯ ನಗರ ೧೯೭೩ರಲ್ಲಿ ಹಳೆಯ ನಡುಪೇಟೆಯ ಮನೆಗಳನ್ನು ಸಾರ್ವಜನಿಕ ವಸತಿಯ ಹಣದಿಂದಲೇ ದುರಸ್ತಿಮಾಡಿ, ಅಲ್ಲಿದ್ದ ದುಡಿಯುವ ಜನರನ್ನು ಅಲ್ಲಿಯೇ ಇರಿಸುವ ನಿರ್ಧಾರ ಮಾಡಿತು. ಮನೆಯೊಡನೆ ಮನೆವಾಸಿಯನ್ನೂ ಉಳಿಸಬೇಕೆಂಬ ತತ್ತ್ವಕ್ಕೆ ಇದೇ ಆಧುನಿಕ ನಿದರ್ಶನ.

ಹತ್ತಿರದ ಎರಡು ನಿದರ್ಶನಗಳು ಇನ್ನಷ್ಟು ಉಪಯುಕ್ತ. ಪುದುಚೇರಿಯ ತಮಿಳು ಭಾಗದ ವೈಶ್ಯಾಳ್ ಬೀದಿಯಲ್ಲಿ ಇಂಟ್ಯಾಕ್ ಸಂಸ್ಥೆ ಯುರೋಪಿನ ನೆರವಿನೊಂದಿಗೆ ಮನೆಗಳ ಮುಂಭಾಗವನ್ನು ಸಾಲಾಗಿ ದುರಸ್ತಿಮಾಡಿಸಿತು. ವೆಚ್ಚದಲ್ಲಿ ಒಂದು ಭಾಗ ಯೋಜನೆಯದು, ಉಳಿದುದು ಒಡೆಯರದು. ಒಂದೊಂದು ಮನೆಯನ್ನಲ್ಲ, ಇಡಿಯ ಬೀದಿಯನ್ನು ಒಂದು ಘಟಕವಾಗಿ ಕಂಡುದು ಅದರ ವೈಶಿಷ್ಟ್ಯ. ೨೦೦೮ರಲ್ಲಿ ಯುನೆಸ್ಕೋ ಅದನ್ನು ಗೌರವಿಸಿತು. ಮುಂಬಯಿಯಲ್ಲಿಯೇ ೧೯೯೫ರಲ್ಲಿ ಪರಂಪರೆಯ ಕಟ್ಟಡಗಳ ನಿಯಮಗಳು ಜಾರಿಗೆ ಬಂದವು. ದೇಶದಲ್ಲಿ ಇಂತಹ ನಿಯಮ ಮಾಡಿದ ಮೊದಲ ನಗರ ಇದು. ಕಟ್ಟಡವನ್ನು ಉಳಿಸಿಕೊಂಡವನು ತಾನು ಕಳೆದುಕೊಂಡ ಕಟ್ಟುವ ಹಕ್ಕನ್ನು ಬೇರೆಡೆ ಬಳಸಲು ಮಾರಬಹುದೆಂಬ ಏರ್ಪಾಡು ಅದರಲ್ಲಿತ್ತು. ೧೯೯೮ರಲ್ಲಿ ಹುಟ್ಟಿದ ಕಾಳಾ ಘೋಡಾ ಸಂಘ ಮರುವರ್ಷದಿಂದ ಬೀದಿಯ ಉತ್ಸವ ನಡೆಸಿ, ಬಂದ ಹಣವನ್ನು ಆ ಭಾಗದ ಕಟ್ಟಡಗಳ ದುರಸ್ತಿಗೆ ವಿನಿಯೋಗಿಸುತ್ತ ಬಂದಿತು. ಹೆಸರು ಬೇರೆಯಾದರೂ ಬಾರಕೂರಿನ ಹಲರು ಮಾಡುತ್ತಿದ್ದುದು ಇದಕ್ಕೆ ದೂರದ್ದಲ್ಲ.

೭. ಮಾಡಬಹುದಾದುದು

ಮೇಲಣ ವಿವೇಚನೆಯಿಂದ ಹೊರಡುವ ಸೂಚನೆಗಳನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಪಾಲನ್ನು ಕಾಗದಕ್ಕಿಳಿಸಬೇಕು. ಮನೆಯನ್ನು ಗೋಡೆ ಹಾಕಿ ಒಡೆಯಬೇಕೆಂದು ಇದರ ಅರ್ಥವಲ್ಲ. ಎಲ್ಲರ ಪಾಲನ್ನು ನಮೂದಿಸಿದ ಒಂದು ನೋಂದಾಯಿತ ಪತ್ರ, ಖಾತೆಯ ಬದಲಾವಣೆ, ವ್ಯವಹಾರಕ್ಕೆ ಒಬ್ಬರಿಗೆ ಅಧಿಕಾರಪತ್ರ—ಇಷ್ಟಾದರೆ ಬ್ಯಾಂಕಿನ ನಾಲ್ಕು ಪ್ರಶ್ನೆಗಳಲ್ಲಿ ಮೂರಕ್ಕೆ ಉತ್ತರ ಸಿಕ್ಕಂತಾಯಿತು.

ಎರಡನೆಯದಾಗಿ, ದುರಸ್ತಿಗೆ ನಿಧಿ ಬೇಕು. ಇದನ್ನು ಮುಂಬಯಿಯವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಮುಲುಂಡ, ಬೊರಿವಲಿ, ಡೊಂಬಿವಲಿಗಳಲ್ಲಿ ನಾವೆಲ್ಲ ಗೃಹನಿರ್ಮಾಣ ಸಂಘಗಳ ಸದಸ್ಯರು. ಎಷ್ಟೋ ಮಂದಿ ಅವುಗಳ ಕಾರ್ಯದರ್ಶಿಗಳು, ಖಜಾಂಚಿಗಳು. ಇಲ್ಲಿಯ ಮಾದರಿ ಉಪನಿಯಮಗಳಂತೆ ಕಟ್ಟಡದ ವೆಚ್ಚದ ಶೇಕಡ ೦.೭೫ರಷ್ಟನ್ನು ವರ್ಷವರ್ಷವೂ ದುರಸ್ತಿ ನಿಧಿಗೆ, ೦.೨೫ರಷ್ಟನ್ನು ಕ್ಷಯಪೂರಕ ನಿಧಿಗೆ ಕನಿಷ್ಠಪಕ್ಷ ತೆಗೆದಿಡುತ್ತೇವೆ. ಇಲ್ಲಿ ಎರಡು ಕೋಣೆಯ ಮನೆಗಾಗಿ ಮಾಡುವುದನ್ನು ಊರಿನ ಮನೆಗಾಗಿ ನಾವು ಮಾಡಿಲ್ಲ. ವರ್ಷಕ್ಕೆ ೪೮,೦೦೦ ರೂಪಾಯಿ ಕೈಯಾಡಿಸುವ ವೆಚ್ಚವೆಂದಿಟ್ಟುಕೊಳ್ಳೋಣ. ಎಂಟು ಪಾಲುದಾರರಿಗೆ ತಲೆಗೆ ತಿಂಗಳಿಗೆ ೫೦೦ ರೂಪಾಯಿ. ಮುಂಬಯಿಯಲ್ಲಿ ನಾವು ಸಂಘಕ್ಕೆ ಕಟ್ಟುವ ತಿಂಗಳ ಹಣ ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಮೂರನೆಯದಾಗಿ, ಕೇರಿಗೊಂದು ಸಂಘ ಬೇಕು. ಒಂದು ಮನೆಯ ಮಾಡು ಗಟ್ಟಿಯಾಗಿ ಅದರ ಎರಡು ಬದಿಯ ಮನೆಗಳು ಬಿದ್ದರೆ ಬೀದಿ ಉಳಿಯಲಿಲ್ಲ. ಮರಗೆಲಸದವರನ್ನೂ ಗಾರೆಯವರನ್ನೂ ಹತ್ತು ಮನೆಗಳು ಕೂಡಿ ಗೊತ್ತುಮಾಡಿದರೆ ವೆಚ್ಚವೂ ಇಳಿಯುತ್ತದೆ, ಆ ಕಸುಬಿನವರಿಗೆ ವರ್ಷವಿಡೀ ಕೆಲಸವೂ ಸಿಕ್ಕುತ್ತದೆ. ಮಂಗಳೂರಿನ ಜೆಪ್ಪುವಿನಲ್ಲಿ ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆದಂದಿನಿಂದ ಕರಾವಳಿಯ ಮಾಡುಗಳಿಗೆ ಒದಗಿದ ಹಂಚು ಬಿಚ್ಚಿ ಮತ್ತೆ ಹೊದೆಸಬಹುದಾದ ವಸ್ತು. ಕಾಂಕ್ರೀಟು ಹಾಗಲ್ಲ. ಸುಸ್ಥಿರ ಅಭಿವೃದ್ಧಿಯ ಮಾತನಾಡುವವರು ಇದನ್ನು ಗಮನಿಸಬೇಕು. ಕಲ್ಲು ಕಡಿದು, ಮರ ಕೊಯ್ದು, ಹಂಚು ಸುಟ್ಟು ಆಗಿಹೋದ ವೆಚ್ಚ ಆ ಮನೆಗಳಲ್ಲಿ 'ಅಸಲು' ಆಗಿ ಕೂತಿದೆ. ಮನೆಯನ್ನು ಕೆಡವಿದರೆ ಅಸಲೂ ಹೋಯಿತು, ಹೊಸ ಸಾಲವೂ ಬಂದಿತು. ಮನೆಮನೆಗೊಂದು ಬಾವಿ, ಊರಿಗೊಂದು ಕೆರೆ, ನಡೆದು ಮುಟ್ಟಬಹುದಾದ ಅಂಗಡಿ, ಶಾಲೆ, ಗುಡಿ—ಇವು ಹಳೆಯ ಪೇಟೆ ನಮಗೆ ಬಿಟ್ಟುಹೋದ ಬಂಡವಾಳ.

ನಾಲ್ಕನೆಯದಾಗಿ, ಬೀಗ ತೆಗೆಯಬೇಕು. ಬೀಗ ಹಾಕಿದ ಮನೆಗೆ ದುರಸ್ತಿಯಿಂದಲೂ ಹೆಚ್ಚು ದಿನ ಬಾಳಿಲ್ಲ. ಮುಂಭಾಗದ ಚಾವಡಿಯನ್ನು ಹೊಲಿಗೆಯ ಅಂಗಡಿಗೋ, ವಾಚನಾಲಯಕ್ಕೋ, ವೈದ್ಯರಿಗೋ ಕೊಟ್ಟು ಹಿಂಭಾಗದಲ್ಲಿ ವಾಸ ಉಳಿಸಿಕೊಳ್ಳಬಹುದು. ಪ್ರವಾಸಿಗಳಿಗೆ ಕೋಣೆ ಕೊಡುವುದೂ ಒಂದು ದಾರಿ. ಅದೊಂದೇ ದಾರಿಯೆಂದು ತಿಳಿಯಬಾರದು. ಇಡಿಯ ಬೀದಿ ವಸತಿಗೃಹವಾದರೆ ಜಾರ್ಜ್ ಟೌನಿನ ಗತಿ ನಮಗೂ ಬಂದೀತು.

ಕೊನೆಯದಾಗಿ, ಸರಕಾರವೂ ಬ್ಯಾಂಕುಗಳೂ ಮಾಡಬೇಕಾದುದಿದೆ. ಪುರಸಭೆ ತನ್ನ ಹಳೆಯ ಬೀದಿಗಳ ಪಟ್ಟಿಮಾಡಿ, ಎತ್ತರಕ್ಕೊಂದು ಮಿತಿ ಇಟ್ಟು, ಮಿತಿಗೆ ಒಳಗಾದವನಿಗೆ ಮನೆಗಂದಾಯದಲ್ಲಿ ರಿಯಾಯಿತಿ ಕೊಡಬೇಕು. ಸ್ಮಾರಕದ ನೆರೆಯವನ ದುರಸ್ತಿಯ ಅರ್ಜಿಗೆ ಊರಿನಲ್ಲಿಯೇ, ಗೊತ್ತಾದ ದಿನಗಳೊಳಗೆ ಉತ್ತರ ಸಿಕ್ಕಬೇಕು. ರಿಜರ್ವ್ ಬ್ಯಾಂಕಿನ ಆದ್ಯತಾ ವಲಯದ ನಿಯಮಗಳು ಹಾನಿಗೊಂಡ ವಾಸದ ಮನೆಯ ದುರಸ್ತಿ ಸಾಲವನ್ನು ನಿಗದಿತ ಮಿತಿಯೊಳಗೆ ಆದ್ಯತೆಯ ಸಾಲವೆಂದೇ ಎಣಿಸುತ್ತವೆ. ಬಾಗಿಲು ಇದೆ; ಹಳೆಯ ಮನೆ ಅದರಲ್ಲಿ ಹಾಯುವಂತೆ ಬೆಲೆಕಟ್ಟುವ ಕ್ರಮವನ್ನು ತಿದ್ದಬೇಕು. ಮುರಕಲ್ಲಿನ ಗೋಡೆಯ ಆಯುಸ್ಸನ್ನು ಮುರಕಲ್ಲನ್ನು ಬಲ್ಲವನು ಅಳೆಯಬೇಕು.

೮. ಉಪಸಂಹಾರ

ಈ ಸೂಚನೆಗಳಿಗೆ ಆಕ್ಷೇಪಗಳಿಲ್ಲದಿಲ್ಲ. ಊರಿಗೆ ಹಿಂದಿರುಗದವರು ಊರಿನ ಮನೆಯನ್ನು ಉಳಿಸಬೇಕೆನ್ನುವುದು ಬರಿಯ ಭಾವುಕತೆಯಲ್ಲವೆ ಎಂದು ಕೇಳಬಹುದು. ನೆಲವನ್ನು ಮಾರಿ ಮಕ್ಕಳ ವಿದ್ಯಾಭ್ಯಾಸಕ್ಕೆ ಬಳಸಿದರೆ ತಪ್ಪೇನೆಂದೂ ಕೇಳಬಹುದು. ತಪ್ಪಿಲ್ಲ, ಮಾರುವ ಹಕ್ಕು ಪಾಲುದಾರನಿಗಿದೆ. ಹಳೆಯ ಕೇರಿಗಳಲ್ಲಿ ಎಲ್ಲರಿಗೂ ಸಮಾನವಾದ ಎಡೆಯಿರಲಿಲ್ಲವೆಂಬುದೂ ಸತ್ಯ. ಹೊಸ ಸಂಘ ಹಳೆಯ ಬೇಲಿಗಳನ್ನು ಮತ್ತೆ ಕಟ್ಟುವಂತಿದ್ದರೆ ಅದು ಹುಟ್ಟದಿರುವುದೇ ಲೇಸು. ನಾನು ಹೇಳಬಯಸುವುದು ಇಷ್ಟೇ: ಮಾರುವುದಾದರೆ ಯೋಚಿಸಿ ಮಾರೋಣ, ಉಳಿಸುವುದಾದರೆ ಲೆಕ್ಕವಿಟ್ಟು ಉಳಿಸೋಣ. ಎರಡನ್ನೂ ಮಾಡದೆ ಮಳೆಗೆ ಒಪ್ಪಿಸುವುದು ನಿರ್ಧಾರವಲ್ಲ.

ನಮ್ಮ ಮನೆಯ ಮಾಡು ಕುಸಿದ ಮೇಲೆ ಎಂಟು ಪಾಲುದಾರರೂ ಮೊದಲ ಬಾರಿಗೆ ಒಂದೆಡೆ ಕೂಡಿದೆವು. ಕಟ್ಟಡದ ಗುತ್ತಿಗೆದಾರರೊಬ್ಬರು ಒಳ್ಳೆಯ ಬೆಲೆಯನ್ನೇ ಹೇಳಿದ್ದರು. ಇಬ್ಬರು ಅದಕ್ಕೆ ಒಪ್ಪುವ ಮನಸ್ಸಿನಲ್ಲಿದ್ದರು. ಅವರ ಅಡಚಣೆಗಳೂ ಸುಳ್ಳಲ್ಲ. ಚಿಕ್ಕಮ್ಮ ಏನೂ ವಾದಿಸಲಿಲ್ಲ. ‘ನೀವೆಲ್ಲ ಏನು ಮಾಡಿದರೂ ಸರಿಯೇ. ಆದರೆ ಈ ಮಳೆಗಾಲಕ್ಕೆ ಮುಂಚೆ ಮಾಡಿ’ ಎಂದರು. ಪಾಲುಪತ್ರ ಈಗ ಸಿದ್ಧವಾಗುತ್ತಿದೆ. ತಿಂಗಳ ಐನೂರು ರೂಪಾಯಿಯ ನಿಧಿ ಆರಂಭವಾಗಿದೆ. ಎಂಟರಲ್ಲಿ ಆರು ಮಂದಿ ಕೊಡುತ್ತಿದ್ದಾರೆ. ಬಿದ್ದ ಮಾಡಿಗೆ ಸದ್ಯಕ್ಕೆ ತಗಡು ಹೊದೆಸಿದೆ. ಮನೆ ಉಳಿಯುವುದೋ ಇಲ್ಲವೋ ಇನ್ನೂ ಹೇಳಲಾರೆ.

ಈ ಲೇಖನವನ್ನು ಓದುವವರಲ್ಲಿಯೂ ಇಂತಹ ಮನೆಯ ಪಾಲುದಾರರು ಇರದೆ ಇರಲಾರರು. ಅವರಲ್ಲಿ ನನ್ನದೊಂದು ವಿನಂತಿ: ಮುಂದಿನ ಬಾರಿ ತೇರಿಗೆ ಹೋದಾಗ ಜಗಲಿಯಿಂದ ಏಳುವ ಮೊದಲು ಎಷ್ಟು ಹಂಚು ಒಡೆದಿದೆಯೆಂದು ಎಣಿಸಿಕೊಂಡು ಬನ್ನಿ. ಆ ಸಂಖ್ಯೆ ಚಿಕ್ಕದಾಗಿರುವಾಗಲೇ ಅದರ ವಿಷಯ ಮಾತನಾಡುವುದು ಸುಲಭ.